ಈಚೆ ದಡದ ಗಂಟು

ಮೇ ಇಪ್ಪತ್ತೆಂಟು. ಬೆಳಿಗ್ಗೆ ಆರೂ ಕಾಲಿಗೆ ಬರೆಯಲು ಕುಳಿತಿದ್ದೇನೆ.

ಆ ಬಿದಿರನ್ನು ಬಿಚ್ಚಿದವಳು ನಾನು.

ನಾಲ್ಕು ಮಳೆಗಾಲಗಳ ಹಿಂದೆ, ಆಲಂಕಾರಿನಿಂದ ಒಳಗೆ ರಸ್ತೆ ಮುಗಿಯುವಲ್ಲಿ ಹರಿಯುವ ತೋಡಿಗೆ ಊರವರು ಅಡಿಕೆ ಮರದ ಪಾಲ, ಅಂದರೆ ಕಿರುಸೇತುವೆ, ಹಾಕಿದ್ದರು. ದಾಟುವವರು ಹಿಡಿದುಕೊಳ್ಳಲೆಂದು ಪಕ್ಕದಲ್ಲಿ ಉದ್ದದ ಒಂದು ಬಿದಿರು ಕಟ್ಟಿದ್ದರು. ಒಂದು ಫೋಟೋಗಾಗಿ ನಾನು ಅದನ್ನು ಬಿಚ್ಚಿದೆ. ಫೋಟೋ ಆದ ಮೇಲೆ ನಾನೇ ಕಟ್ಟಿದೆ. ಮರುದಿನ ಬೆಳಿಗ್ಗೆ ಅದು ಕಳಚಿ ದೇವಕಿಯಕ್ಕ ನೀರಿಗೆ ಬಿದ್ದರು, ಸೊಂಟದ ಮೂಳೆ ಮುರಿಯಿತು. ಕಟ್ಟಿದ್ದು ಸರಿ ಇರಲಿಲ್ಲ ಎಂಬ ಅಪವಾದ, ಮೊದಲು ಅದನ್ನು ಕಟ್ಟಿದ್ದ ಲೀಲಮ್ಮ ಚೇಚಿಯ ಮೇಲೆ ಬಂತು. ನಾನು ಬಾಯಿ ಬಿಡಲಿಲ್ಲ — ಯಾರ ಹತ್ತಿರವೂ.

ನೀವು ಆ ಫೋಟೋ ನೋಡಿದ್ದೀರಿ. ಪುತ್ತೂರಿನಲ್ಲೋ ಮುಂಬಯಿಯಲ್ಲೋ ಮಸ್ಕತ್ತಿನಲ್ಲೋ ಕುಳಿತು, ಮೊಬೈಲಿನಲ್ಲಿ ಅದನ್ನು ನೋಡಿ, ಕಾಲುಸಂಕಕ್ಕೆಂದು ಹಣ ಕಳುಹಿಸಿದವರು ನೀವು. ಕೊಟ್ಟವರಿಗೆಲ್ಲ ತಲುಪುವಂತೆ ಬರೆಯುವ ಜಾಗ ಈ ಪುಟ ಒಂದೇ, ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಇದು ನಿಮಗೆ ಕಾಣಿಸುವ ಹೊತ್ತಿಗೆ ಲೀಲಮ್ಮ ಚೇಚಿಗೆ ನಾನು ಎದುರು ನಿಂತು ಹೇಳಿ ಆಗಿರುತ್ತದೆ. ಆಗಿರಬೇಕು. ಅಷ್ಟು ಧೈರ್ಯ ಈಗ ಬರೆಯುವಾಗ ಇಲ್ಲ.

ನನ್ನ ಹೆಸರು ಶ್ವೇತಾ. ಪುತ್ತೂರಿನ ಒಂದು ಸಣ್ಣ ಸೇವಾ ಗುಂಪಿನಲ್ಲಿ ಕೆಲಸ. ಕಡಬ, ಸುಳ್ಯದ ಕಡೆಯ ಹಳ್ಳಿಗಳಿಗೆ ಹೋಗುವುದು, ಏನು ಬೇಕೆಂದು ಕೇಳುವುದು, ಫೋಟೋ ತೆಗೆಯುವುದು, ಆನ್‌ಲೈನಿನಲ್ಲಿ ದಾನಿಗಳಿಗೆ ತೋರಿಸುವ ಪುಟಕ್ಕೆ ಅದನ್ನು ಹಾಕುವುದು — ಇಷ್ಟೇ. ದಿನಾ ಡೈರಿ ಬರೆಯುತ್ತೇನೆ: ಹೋದ ಊರು, ಕಂಡ ಮನೆ, ತೆಗೆದ ಫೋಟೋ. ಅಚ್ಚುಕಟ್ಟಿನ ಹುಡುಗಿ ಎಂದು ಗುಂಪಿನಲ್ಲಿ ನನಗೆ ಹೆಸರು. ಆ ಹೆಸರೇ ನನ್ನನ್ನು ಇಷ್ಟು ಕಾಲ ಕಾಪಾಡಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆ ಪಾಲಕ್ಕೆ ಒಂದು ಕ್ರಮವಿತ್ತು. ಮಳೆ ಹಿಡಿಯುವ ಮೊದಲು ತೋಡಿನ ಎರಡೂ ದಡದ ಮನೆಯವರು ಸೇರಿ ಹೊಸ ಮರಗಳನ್ನು ಹಾಕುತ್ತಿದ್ದರು. ಬಿದಿರಿನ ಕೈಹಿಡಿ ಕಟ್ಟುವುದು ಮಾತ್ರ ವರ್ಷಕ್ಕೆ ಒಂದು ಮನೆಯ ಪಾಳಿ. ಯಾರು ಕಟ್ಟಿದರೋ, ನೀರು ಇಳಿಯುವವರೆಗೂ ಅದರ ಜವಾಬ್ದಾರಿ ಅವರದ್ದೇ. ಸಡಿಲವಾದರೆ ಬಿಗಿಯುವವರೂ ಅವರೇ. ಬೇರೆಯವರು ಆ ಗಂಟಿಗೆ ಕೈ ಹಾಕುವಂತಿಲ್ಲ. ಹಾಕಿದರೆ ಕೊನೆಗೆ ಯಾರನ್ನು ಕೇಳುವುದು? ಆ ವರ್ಷ ಪಾಳಿ ಲೀಲಮ್ಮ ಚೇಚಿಯ ಮನೆಯದ್ದು. ಅವರ ಮಾವನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆ; ಹಾಗಾಗಿ ಊರಿಗೆ ಅವರು ಅಕ್ಕನಲ್ಲ, ಚೇಚಿ. ಗಂಡನಿಗೆ ಬೆನ್ನು ಹಿಡಿದು ಮಲಗಿದಲ್ಲೇ ಇದ್ದುದರಿಂದ ಚೇಚಿಯೇ ಕಟ್ಟಿದರು. ಆಚೆ ದಡದ ಕಂಬಕ್ಕೊಂದು ಗಂಟು, ಈಚೆ ದಡದ ಕಂಬಕ್ಕೊಂದು ಗಂಟು.

ನಾನು ಮೊದಲ ಸಲ ತೆಗೆದ ಫೋಟೋ ವಾಪಸ್ಸು ಬಂತು. ಪುಟ ನಡೆಸುವವರು ‘ತುರ್ತು ಕಾಣಿಸುತ್ತಿಲ್ಲ’ ಎಂದು ಬರೆದಿದ್ದರು. ನಮ್ಮ ಗುಂಪಿನ ಹಿರಿಯ ಹರೀಶಣ್ಣ ಅದನ್ನು ನೋಡಿ ನಕ್ಕರು.

“ಎಂತ ಮಾರಾಯ್ತಿ, ನಮ್ಮ ಮನೆ ಜಗಲಿಗಿಂತ ಗಟ್ಟಿ ಉಂಟಲ್ಲ ಇದು! ಇದಕ್ಕೆ ಯಾರು ಕೊಡುದು? ಹೋಗಿ ಬೇರೆ ತೆಗೆದುಕೊಂಡು ಬಾ.”

ಬಿಚ್ಚು ಎಂದು ಅವರು ಹೇಳಲಿಲ್ಲ. ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಯಾರೂ ಹೇಳಲಿಲ್ಲ.

ಜೂನ್ ತಿಂಗಳ ಒಂದು ಮಂಗಳವಾರ ಮತ್ತೆ ಹೋದೆ. ತೋಡು ಕೆಂಪಾಗಿ, ಪಾಲದ ಅಡಿಗೆ ಮುಟ್ಟುವಷ್ಟು ಹರಿಯುತ್ತಿತ್ತು. ಎಲ್ಲಿ ನಿಂತು ತೆಗೆದರೂ ಬಿದಿರು ನಡುವೆ ಬರುತ್ತಿತ್ತು — ನೇರವಾಗಿ, ಗಟ್ಟಿಯಾಗಿ, ಇಲ್ಲಿ ಭಯವಿಲ್ಲ ಎಂದು ಹೇಳುವ ಹಾಗೆ. ಆಗ ಶಾಲೆ ಬಿಟ್ಟು ಲೀಲಮ್ಮ ಚೇಚಿಯ ಮಗಳು ಜಿನ್ಸಿ ಬಂದಳು. ಎಂಟು ವರ್ಷ. ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ.

ಈಚೆ ದಡದ ಗಂಟು ಬಿಚ್ಚಿದೆ. ಬಿದಿರಿನ ತುದಿ ನೀರಿಗೆ ಬಿತ್ತು. ಹರಿವು ಅದನ್ನು ಎಳೆಯಿತು, ಆಚೆಯ ಗಂಟಿನಲ್ಲಿ ಬಿದಿರು ತಿರುಚಿಕೊಂಡು ನೇತಾಡಿತು. ಜಿನ್ಸಿಯನ್ನು ಪಾಲದ ನಡುವೆ ನಿಲ್ಲಿಸಿದೆ. ಎಂಟು ವರ್ಷದ ಮಗುವನ್ನು, ಹಿಡಿಯಲು ಏನೂ ಇಲ್ಲದ ಕಡೆ. “ಹೆದ್ರಿಕೆ ಆಗ್ತದಕ್ಕಾ,” ಎಂದಳು. “ಹಾಗೇ ನಿಲ್ಲು, ಹಾಗೇ,” ಎಂದೆ ನಾನು. ಅವಳ ಮುಖದ ಆ ಹೆದರಿಕೆಯೇ ನೀವು ನೋಡಿದ್ದು. ಅದು ನಿಜವಾದದ್ದು. ಅದನ್ನು ಮಾಡಿದವಳು ನಾನು.

ಆರು ಫೋಟೋ ತೆಗೆದು, ಬಿದಿರನ್ನು ಮೇಲೆತ್ತಿದೆ. ಒಬ್ಬಳಿಂದ ಆಗಲಿಲ್ಲ. ಜಿನ್ಸಿ ತುದಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಳು, ನಾನು ಕಟ್ಟಿದೆ. ಒದ್ದೆ ಹಗ್ಗ, ಜಾರುತ್ತಿತ್ತು. ಎಳೆದು ನೋಡಿದೆ; ನಿಂತಿತು ಎನಿಸಿತು. ಲೀಲಮ್ಮ ಚೇಚಿಯ ಮನೆ ಅಲ್ಲೇ ಕೂಗಳತೆಯಲ್ಲಿತ್ತು. ಚೇಚೀ, ಒಮ್ಮೆ ಬಂದು ಬಿಗಿದು ಕೊಡಿ ಎಂದು ಒಂದು ಮಾತು — ಆದರೆ ಕರೆದರೆ, ಬಿಚ್ಚಿದ್ದು ಯಾಕೆ ಎಂದು ಕೇಳುತ್ತಾರಲ್ಲ. ಕರೆಯಲಿಲ್ಲ. ಬದಲಿಗೆ ಮಗುವಿನ ಕಡೆ ತಿರುಗಿ ಹೇಳಿದೆ:

“ಯಾರಿಗೂ ಹೇಳ್ಬೇಡ ಆಯ್ತಾ? ನಮ್ಮಿಬ್ಬರದ್ದೇ ಗುಟ್ಟು.”

ರಾತ್ರಿಯಿಡೀ ಮಳೆ ಸುರಿಯಿತು. ಬುಧವಾರ ಬೆಳಿಗ್ಗೆ ದೇವಕಿಯಕ್ಕ ಅಂಗನವಾಡಿಯ ಬಾಗಿಲು ತೆರೆಯಲು ಹೊರಟಿದ್ದರು. ಅಲ್ಲಿ ಸಹಾಯಕಿಯಾಗಿದ್ದರು ಅವರು, ಐವತ್ತು ದಾಟಿದವರು, ಹುಟ್ಟಿದಂದಿನಿಂದ ಆ ತೋಡು ದಾಟಿದವರು. ಬಿದಿರಿಗೆ ಕೈ ಊರಿದರು. ಅದು ಕಳಚಿಕೊಂಡಿತು.

ಯಾರೋ ಇಬ್ಬರು ನೀರಿಗಿಳಿದು ಅವರನ್ನು ಎತ್ತಿದರು. ಬಿದಿರು ತೇಲಿಹೋಯಿತು. ಸುದ್ದಿ ತಿಳಿದು ನಾನು ಪುತ್ತೂರಿನ ಆಸ್ಪತ್ರೆಗೆ ಓಡಿದೆ. ಲೀಲಮ್ಮ ಚೇಚಿ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಒಳಗೆ ಹೋಗಿರಲಿಲ್ಲ. ಮಗಳಂತೆ ನನ್ನನ್ನೂ ‘ಮೋಳೆ’ ಎಂದೇ ಕರೆಯುವವರು, ನನ್ನನ್ನು ಕಂಡು ಎರಡೂ ಅಂಗೈ ಚಾಚಿ ತೋರಿಸಿದರು.

“ಈ ಕೈಯಲ್ಲೇ ಕಟ್ಟಿದ್ದು ಮೋಳೆ. ಭಾನುವಾರ ಇಗರ್ಜಿಯಿಂದ ಬರುವಾಗ ಎಳ್ದು ಸಹ ನೋಡಿದ್ದೆ. ಗಟ್ಟಿ ಇತ್ತು. ಇತ್ತಲ್ಲಾ?”

ನನ್ನನ್ನೇ ಕೇಳಿದರು. ಆ ಗಂಟು ಎಷ್ಟು ಗಟ್ಟಿಯಿತ್ತೆಂದು ಬಿಚ್ಚಿದ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಉಗುರು ಹರಿದಿತ್ತು ನನಗೆ, ಅದನ್ನು ಬಿಚ್ಚುವಾಗ. ಆ ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು, “ಮಳೆ ಜೋರಿತ್ತಲ್ಲ ಚೇಚಿ,” ಎಂದೆ.

ಅಂಗಡಿಯ ಬೆಂಚಿನಲ್ಲಿ ಬೇರೆ ಮಾತು. “ಗಂಡಸರು ಕಟ್ಟುದನ್ನು ಹೆಂಗಸು ಕಟ್ಟಿದ್ರೆ ಇನ್ನೆಂತ ಆಗ್ತದೆ?” ಎಂದ ಒಬ್ಬ. “ರಬ್ಬರಿನವರಲ್ವಾ, ಎಳೆದಷ್ಟೂ ಬರ್ಲಿ ಅಂತ ಕಟ್ಟಿದ್ದಾಗಿರ್ಬೇಕು,” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನು ಅಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನಗಲಿಲ್ಲ, ಆದರೆ ಬಸ್ಸು ಬಂತೇ ಎಂದು ರಸ್ತೆ ನೋಡಿದೆ. ಅದೇನು ಕಡಿಮೆ ತಪ್ಪಲ್ಲ.

ಮತ್ತೆ ಆ ಪುಟ. ಫೋಟೋ ಹಾಕಿದೆ. ಅದರ ಕೆಳಗೆ ದೇವಕಿಯಕ್ಕ ಬಿದ್ದ ಸುದ್ದಿಯನ್ನೂ ಹಾಕಿದೆ. ‘ಹಳೆಯ ಕೈಹಿಡಿ ಕಳಚಿ’ ಎಂದು ಬರೆದಿದ್ದೆ, ನಿಮಗೆ ನೆನಪಿರಬಹುದು. ಹಳೆಯದಾಗಿರಲಿಲ್ಲ. ಆ ಮಳೆಗಾಲಕ್ಕೆಂದು ಕಡಿದ ಹಸಿ ಬಿದಿರು ಅದು. ನೀವೆಲ್ಲ ಮುಗಿಬಿದ್ದು ಕೊಟ್ಟಿರಿ. ಬೇಕಾದದ್ದು ನಾವು ಎಣಿಸಿದ್ದಕ್ಕಿಂತ ಬೇಗ ಕೂಡಿಬಂತು. ಬೇಸಿಗೆಯೊಳಗೆ ಕಬ್ಬಿಣದ ಕಾಲುಸಂಕ ನಿಂತಿತು. ನಿಮ್ಮ ಹಣ ಪೂರ್ತಿ ಸಂಕಕ್ಕೇ ಹೋಗಿದೆ. ಆದರೆ ನಿಮ್ಮ ಕರುಣೆಯನ್ನು ನಾನು ಸುಳ್ಳು ಹೇಳಿ ಪಡೆದೆ.

ಉದ್ಘಾಟನೆಯ ದಿನ ದೇವಕಿಯಕ್ಕ ಕೋಲೂರಿಕೊಂಡು ಬಂದರು. ಅಂಗನವಾಡಿಯ ಕೆಲಸ ಬಿಟ್ಟಾಗಿತ್ತು. ನನ್ನ ಕೆನ್ನೆ ಸವರಿ, “ನೀನು ಫೋಟೋ ತೆಗ್ದದ್ದೇ ಒಳ್ಳೇದಾಯ್ತು ಮಗಾ. ಇಲ್ಲದಿದ್ರೆ ನಮ್ಗೆ ಈ ಸಂಕ ಎಲ್ಲಿಂದ?” ಎಂದರು. ಅಂದಿನಿಂದ ಹಿಡಿದದ್ದು ಈ ಭಯ. ಆ ಪುಟದಿಂದ ಫೋನಿಗೆ ಸದ್ದು ಬಂದರೆ ಅದನ್ನು ಬೋರಲು ಹಾಕಿಬಿಡುತ್ತೇನೆ — ಯಾರೋ ಫೋಟೋವನ್ನು ದೊಡ್ಡದು ಮಾಡಿ ನೋಡಿದರು, ಕಂಬದಲ್ಲಿ ಜೋತಾಡುವ ಹಗ್ಗ ಕಂಡರು, ಇದೇನು ಎಂದು ಕೇಳುತ್ತಿದ್ದಾರೆ ಎಂದು. ಯಾರೂ ಕೇಳಲಿಲ್ಲ. ಧನ್ಯವಾದ ಹೇಳುವ ಸದ್ದಿಗೂ ನಾನು ಹಾಗೇ ಫೋನ್ ಬೋರಲು ಹಾಕಿದ್ದೇನೆ.

ಹೆದರಿಕೆಯಾದಾಗಲೆಲ್ಲ ನಾನು ಹೆದರಿದ್ದು ನಿಮಗೆ, ಹರೀಶಣ್ಣನಿಗೆ, ಊರಿಗೆ. ಜಿನ್ಸಿಯನ್ನು ಮರೆತೇಬಿಟ್ಟಿದ್ದೆ. ಮಕ್ಕಳು ಮರೆಯುತ್ತಾರೆ ಎಂದುಕೊಂಡಿದ್ದೆ.

ಕಳೆದ ವಾರ ಆ ಕಡೆ ಹೋಗಿದ್ದೆ. ಲೀಲಮ್ಮ ಚೇಚಿ ಕಾಫಿ ಕೊಟ್ಟರು. ದೇವಕಿಯಕ್ಕ ಬಿದ್ದ ಮೇಲೆ ಅವರ ಅಂಗಳಕ್ಕೆ ಚೇಚಿ ಕಾಲಿಟ್ಟಿಲ್ಲ; ಮರಗೆಣಸು ಕಿತ್ತರೆ ಮಗಳ ಕೈಯಲ್ಲಿ ಕಳುಹಿಸುತ್ತಾರೆ. ಅಷ್ಟು ನನಗೆ ಗೊತ್ತಿತ್ತು. ಅಂದು ಕಂಡದ್ದು ಗೊತ್ತಿರಲಿಲ್ಲ. ಸಂಜೆ ಆಡನ್ನು ತಂದು ಗೂಟಕ್ಕೆ ಕಟ್ಟಿದರು, ಕಟ್ಟಿ ಹಿಂದೆ ಸರಿದು ನಿಂತು ಕೂಗಿದರು: “ಜಿನ್ಸೀ, ಬಾ ಮೋಳೆ, ಒಮ್ಮೆ ಎಳ್ದು ನೋಡು.”

ಜಿನ್ಸಿ ಬಂದು ಹಗ್ಗ ಎಳೆದಳು. “ಗಟ್ಟಿ ಉಂಟು ಅಮ್ಮಚ್ಚಿ,” ಎಂದಳು.

“ನನ್ನ ಕೈಗೆ ಈಗ ನಂಬಿಕೆ ಇಲ್ಲ,” ಎಂದು ಚೇಚಿ ನನ್ನತ್ತ ನೋಡಿ ನಕ್ಕರು. “ದಿನಾ ಇವಳೇ ನೋಡ್ಬೇಕು.”

ದಿನಾ. ನಾಲ್ಕು ವರ್ಷ. ತಾಯಿ ಕಟ್ಟಿದ ಪ್ರತಿಯೊಂದು ಗಂಟನ್ನೂ ಆ ಹುಡುಗಿ ಎಳೆದು ನೋಡಿದ್ದಾಳೆ, ಗೊತ್ತಿದ್ದೂ, ಮಾತಾಡದೆ. ಹೊರಡುವಾಗ ಅವಳು ಕಾಲುಸಂಕದವರೆಗೆ ನನ್ನೊಡನೆ ಬಂದಳು. ಹನ್ನೆರಡು ವರ್ಷ ಈಗ. ಸಂಕದ ಕಬ್ಬಿಣಕ್ಕೆ ಕೈಯಿಟ್ಟು, ನನ್ನ ಮುಖ ನೋಡದೆ ಹೇಳಿದಳು:

“ಅಕ್ಕ, ನಾನು ಯಾರಿಗೂ ಹೇಳ್ಲಿಲ್ಲ.”

ಯಾವುದನ್ನು ಎಂದು ನಾನು ಕೇಳಬೇಕಿರಲಿಲ್ಲ. ಅವಳೇ ಮುಂದುವರಿಸಿದಳು:

“ಆವತ್ತು ನಾನು ಬಿದಿರು ಸರಿ ಎತ್ತಿ ಹಿಡೀಲಿಲ್ಲ, ಅದಕ್ಕೆ ಅಲ್ವಾ ಬಿಚ್ಚಿ ಹೋದದ್ದು? ಕೈ ನೋಯ್ತಿತ್ತಕ್ಕಾ. ಸ್ವಲ್ಪ ಕೆಳಗೆ ಬಿಟ್ಟಿದ್ದೆ.”

ಅಲ್ಲ ಎಂದು ಹೇಳಿದೆ. ಎರಡು ಸಲ ಹೇಳಿದೆ. ಅವಳು ನಂಬಲಿಲ್ಲ; ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತೆಂದು ತಲೆಯಾಡಿಸಿದಳು. ಅವಳು ನಂಬಬೇಕಾದರೆ ನಾನು ಅದನ್ನು ಅವಳ ತಾಯಿಯ ಎದುರು, ದೇವಕಿಯಕ್ಕನ ಎದುರು, ನಿಮ್ಮೆಲ್ಲರ ಎದುರು ಹೇಳಬೇಕು. ಬೇರೆ ದಾರಿ ಇಲ್ಲ.

ಆದ್ದರಿಂದ ಇದು. ಇವತ್ತು ಸಂಜೆ ಐದರ ಬಸ್ಸಿಗೆ ಹೋಗುತ್ತೇನೆ. ಹರೀಶಣ್ಣನಿಗೆ ನಿನ್ನೆ ಹೇಳಿದೆ. “ಅಜ್ಜಾವರದ ಶಾಲೆಗೆ ನೀರಿಗೆ ದುಡ್ಡು ಕೇಳುವ ಪುಟ ನಡೀತಾ ಉಂಟು. ಅದೂ ಹೋಗ್ತದೆ ಗೊತ್ತುಂಟಲ್ಲ?” ಎಂದರು. ಗೊತ್ತುಂಟು. ಒಂದು ಫೋಟೋ ಸುಳ್ಳಾದರೆ ನಮ್ಮ ಎಲ್ಲ ಫೋಟೋಗಳನ್ನೂ ನೀವು ಅನುಮಾನದಿಂದ ನೋಡುತ್ತೀರಿ. ನೋಡುವುದು ಸರಿ. ಆ ಶಾಲೆಯ ಫೋಟೋವನ್ನು ನಾನು ತೆಗೆದಿಲ್ಲ ಎಂದಷ್ಟೇ ಹೇಳಬಲ್ಲೆ. ನನ್ನ ಕೆಲಸ ಉಳಿಯುವುದಿಲ್ಲ. ಅದನ್ನು ಕೇಳುವ ಮುಖವೂ ನನಗಿಲ್ಲ.

ಲೀಲಮ್ಮ ಚೇಚಿ ಬೈದರೆ ಬೈಗುಳ ತಡೆಯಬಲ್ಲೆ. ನನಗೆ ಭಯ ಅವರು ಕೇಳಲಿರುವ ಒಂದು ಪ್ರಶ್ನೆಯದ್ದು. ಈಚೆ ದಡದ ಗಂಟು ನನ್ನದು. ಆಚೆ ದಡದ್ದು ಮಾತ್ರ ಕೊನೆಯವರೆಗೂ ಅವರ ಕೈಯದ್ದೇ. ಅದು ನಿಂತಿತ್ತಾ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ದೇವಕಿಯಕ್ಕ ಬಿದ್ದ ದಿನ ನಾನು ತೋಡಿನ ಹತ್ತಿರ ಹೋಗಲೇ ಇಲ್ಲ. ಹೋಗಿದ್ದರೆ ನನ್ನ ಹಗ್ಗ ಕಾಣುತ್ತಿತ್ತಲ್ಲ.

ಈ ಪುಟವನ್ನು ಊರಿನವರೂ ನೋಡುತ್ತಾರೆಂದು ಗೊತ್ತು. ಆ ಬುಧವಾರ ಬೆಳಿಗ್ಗೆ ಅಲ್ಲಿದ್ದವರು, ನೀರಿಗಿಳಿದು ದೇವಕಿಯಕ್ಕನನ್ನು ಎತ್ತಿದವರು, ಆಮೇಲೆ ಕಂಬ ಕಿತ್ತವರು — ಬಿದಿರು ಜಾರಿ ತೇಲಿಹೋದ ಮೇಲೂ ಆಚೆ ದಡದ ಕಂಬದಲ್ಲಿ ಹಗ್ಗ ಬಿಗಿಯಾಗಿ ಉಳಿದಿತ್ತೇ ಎಂದು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಇದರ ಕೆಳಗೆ ಬರೆಯಿರಿ. ಆಚೆಯದ್ದೇ ಮೊದಲು ಬಿಚ್ಚಿತ್ತು ಎಂದಿದ್ದರೂ ಬರೆಯಿರಿ; ಬಿದಿರನ್ನು ಹರಿವಿಗೆ ಬಿಟ್ಟು ಆ ಗಂಟನ್ನು ತಿರುಚಿದವಳೂ ನಾನೇ, ಅದರಿಂದ ನನ್ನ ಪಾಲು ಕಡಿಮೆಯಾಗುವುದಿಲ್ಲ. ಹಗ್ಗ ಅಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡವರಿದ್ದರೆ ಮಾತ್ರ ಇಲ್ಲಿ ಬರೆದು ಸುಮ್ಮನಾಗಬೇಡಿ. ಲೀಲಮ್ಮ ಚೇಚಿ ಆಡು ಕಟ್ಟುವ ಹೊತ್ತಿಗೆ, ಸಾಧ್ಯವಾದರೆ ಅವರ ಮನೆಗೇ ಹೋಗಿ ಹೇಳಿ. ಜಿನ್ಸಿಯೂ ಅಲ್ಲೇ ಇರುತ್ತಾಳೆ.