ಮನ್ಮಥಪ್ಪನವರ ಅಪಾಯ ನಿರ್ವಹಣೆ

ಉದಗೀರದ ಧಾನ್ಯಪೇಟೆಯಲ್ಲಿ ತೊಗರಿಯ ಅಡತಿ ಅಂಗಡಿ ನಡೆಸುವ ಮನ್ಮಥಪ್ಪನವರು ನಮ್ಮ ಓಣಿಯವರು. ಅವರನ್ನು ಯಾರಾದರೂ ಕೆಟ್ಟವರೆಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅವರು ನಮ್ಮೂರ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರಾದ ಮೇಲೆ ನಾನೂ ಹಣೆ ಹಣೆ ಬಡಿದುಕೊಂಡದ್ದುಂಟು.

ಪ್ರತಿ ಕಾಲೇಜಿಗೂ ಅಪಾಯ ನಿರ್ವಹಣಾ ಸಮಿತಿ ಇರಲೇಬೇಕೆಂದು ತಪಾಸಣೆಗೆ ಬರುವ ತಂಡ ಬರೆದು ಕಳಿಸಿತ್ತು. ಒಂದು ಚಹಾ ಮುಗಿಯುವುದರೊಳಗೆ ಸಮಿತಿ ಹುಟ್ಟಿತು. ಅಧ್ಯಕ್ಷರು ತಾವೇ, ಕಾರ್ಯದರ್ಶಿ ಮಗ ಶೈಲೇಶ, ಉಳಿದವರು ಪೇಟೆಯ ಗೆಳೆಯರು. ಒಬ್ಬ ಸ್ವತಂತ್ರ ಸದಸ್ಯರೂ ಬೇಕಿತ್ತಂತೆ. ಬೀಗರಾದ ವಿಶ್ವನಾಥಪ್ಪನವರನ್ನು ಸೇರಿಸಿಕೊಂಡರು. ಅವರ ಮನೆ ಬೇರೆ ಊರಲ್ಲಿ, ನಿಲಂಗಾದಲ್ಲಿದೆ, ಆದ್ದರಿಂದ ಸ್ವತಂತ್ರರು.

ಸಮಿತಿಯ ಮುಂದೆ ಬಂದದ್ದು ಒಂದೇ ವಿಷಯ. ಹಿಂದೆ ಆದ ದೊಡ್ಡ ಭೂಕಂಪದಲ್ಲಿ ಬಿರುಕು ಬಿಟ್ಟ ಕಾಲೇಜಿನ ಮೇಲಂತಸ್ತಿನ ಕೋಣೆಗೆ ಸುಣ್ಣ ಬಳಿದು, ವರ್ಷಗಳಿಂದ ಅಲ್ಲೇ ಹುಡುಗಿಯರ ತರಗತಿ ನಡೆಸುತ್ತಿದ್ದರು. ಅಲ್ಲಿ ಪಾಠ ಹೇಳುವ ಶುಭಾಂಗಿ ವಿಶ್ವನಾಥಪ್ಪನವರ ಮಗಳು, ಮನ್ಮಥಪ್ಪನವರ ಸೊಸೆ. ಮೇಲಿನಿಂದ ಗಾರೆ ಉದುರಿ ಹುಡುಗಿಯೊಬ್ಬಳ ಭುಜಕ್ಕೆ ಬಡಿದ ದಿನ, ಕೋಣೆ ಮುಚ್ಚಿರೆಂದು ಆಕೆ ಹಟ ಹಿಡಿದಳು. ಕೋಣೆ ಕಡಿಮೆಯಾದರೆ ಕಾಲೇಜಿನ ದರ್ಜೆ ಇಳಿದೀತೆಂಬುದು ಅಧ್ಯಕ್ಷರ ಚಿಂತೆ.

ಕೈ ಎತ್ತಿ ಮತ ಹಾಕುವುದು ಪೇಟೆಯವರಿಗೆ ಹಿಡಿಸದು. ಧಾರಣೆ ಕುದುರಿಸುವ ಹಾಗೆ ಮನ್ಮಥಪ್ಪನವರು ಕೈಮೇಲೆ ವಸ್ತ್ರ ಹಾಕಿಕೊಂಡು, ಅದರಡಿ ಒಬ್ಬೊಬ್ಬರ ಬೆರಳು ಹಿಡಿದು ನೋಡಿದರು. ಒಂದು ಬೆರಳಾದರೆ ಕೋಣೆ ಮುಚ್ಚುವುದು, ಎರಡಾದರೆ ನಡೆಸುವುದು. ಯಾರು ಏನು ಕೊಟ್ಟರೆಂಬುದು ಅವರೊಬ್ಬರಿಗೇ ಗೊತ್ತು. “ಕೋಣಿ ನಡೀಲಿ ಅಂತ ಎಲ್ಲಾರೂ ಅಂದಾರ,” ಎಂದು ಸಾರಿ, ಅಪಾಯವಿಲ್ಲವೆಂದು ಸಹಿ ಹಾಕಿದರು. ತಪಾಸಣೆ ತಂಡ ಇಂಥ ಒಮ್ಮತವನ್ನು ಎಲ್ಲೂ ಕಂಡಿಲ್ಲವೆಂದು ಹೊಗಳಿ, ಊಟ ಮಾಡಿ ಹೋಯಿತು.

ಆಮೇಲೆ ಸದಸ್ಯರು ಒಬ್ಬೊಬ್ಬರಾಗಿ ಶುಭಾಂಗಿಯ ಹತ್ತಿರ ಬಂದು, “ನಾ ಅಂತೂ ಮುಚ್ಚ್ರಿ ಅಂತನೇ ಬೆರಳು ಕೊಟ್ಟೀನಿ,” ಅಂದರು. ಹೆತ್ತ ತಂದೆಯೂ ಅದನ್ನೇ ಹೇಳಿದಾಗ ಆಕೆಗೆ ಸಿಟ್ಟು ನೆತ್ತಿಗೇರಿತು. ಪಾಠವನ್ನು ಇನ್ನೊಬ್ಬರಿಗೆ ಒಪ್ಪಿಸಿ ನೆಟ್ಟಗೆ ಮನೆಗೆ ಬಂದಳು.

ಮಾವ ಊಟ ಮುಗಿಸಿ ಅಂಗಳದ ತಗಡಿನ ಶೆಡ್ಡಿನಲ್ಲಿ ಅಡ್ಡಾಗಿದ್ದರು. ಭೂಕಂಪವಾದಾಗಿನಿಂದ ಈ ಪುಣ್ಯಾತ್ಮರು ಸ್ಲ್ಯಾಬಿನ ಕೆಳಗೆ ಒಮ್ಮೆಯೂ ಮಲಗಿದವರಲ್ಲ. ಹಿಂದೆ ಎರಡಂತಸ್ತಿನ ಮನೆಯಿದೆ. ಅದರಲ್ಲಿ ಅವರ ತೊಗರಿ ಚೀಲಗಳು ಸುಖವಾಗಿ ಮಲಗುತ್ತವೆ.

“ಮಾವಾರೆ, ನಾಳಿಂದ ಹುಡುಗ್ಯಾರ ಕ್ಲಾಸು ಈ ಶೆಡ್ಡಿನ್ಯಾಗ ತಗೋತೀನ್ರಿ,” ಅಂದಳು.

“ಮತ್ತ ನಾ ಎಲ್ಲಿ ಮಲಗಲಿ?”

“ಕಾಲೇಜಿನ ಮ್ಯಾಲಿನ ಕೋಣ್ಯಾಗ ಹಾಸಿಗಿ ಹಾಕಸ್ತೀನಿ. ಅಲ್ಲಿ ಅಪಾಯ ಇಲ್ಲಂತ ನೀವೇ ಸಹಿ ಮಾಡೀರಲ್ರಿ.”

ಮನ್ಮಥಪ್ಪನವರು ಎದ್ದು ಕೂತರು.

“ನನಗ ಅಂಜಿಕಿ ಬರ್ತದವ್ವಾ,” ಅಂದರು.

“ಹುಡುಗ್ಯಾರಿಗೂ ಬರ್ತದ್ರಿ.”

ಮನ್ಮಥಪ್ಪನವರು ಚಪ್ಪಲಿ ಮೆಟ್ಟಿ ಕಾಲೇಜಿಗೆ ನಡೆದರು. ಮೇಲೆ ಪಾಠ ನಡೆದಿತ್ತು. ಕೋಣೆಯ ಒಳಗೆ ಮಾತ್ರ ಕಾಲಿಡಲಿಲ್ಲ. ಹೊರಗೆ ನಿಂತುಕೊಂಡೇ “ಎಲ್ಲಾರೂ ಲಗೂನ ಹೊರಗ ಬರ್ರಿ” ಎಂದು ಹುಡುಗಿಯರನ್ನು ಕರೆದು, ತಮ್ಮ ಕೈಯಿಂದಲೇ ಬೀಗ ಹಾಕಿದರು.