ರಂಗಸ್ವಾಮಿ ಬೀಡಿ ಬಿಟ್ಟ ಮೇಲೆ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷ ನಾನು ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ತಂಬಾಕು ಬಿಡಬೇಕೆಂದು ಬರುವವರ ಜತೆ ಕೂತು ಮಾತಾಡುವುದು, ಬಿಟ್ಟವರು ಮತ್ತೆ ಅತ್ತ ಹೋಗದಂತೆ ಬೆನ್ನಿಗಿರುವುದು ನನ್ನ ಕೆಲಸ. ವಾರಕ್ಕೊಮ್ಮೆ ಹನೂರಿಗೂ ಯಳಂದೂರಿಗೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಗಂಡನನ್ನು ಹಿಂದೆ ಕರೆದುಕೊಂಡು ನನ್ನ ಕೋಣೆಗೆ ಬಂದರು. ಹೆಸರು ಜಯಮ್ಮ. ತಲೆ ತುಂಬ ಸೆರಗು ಹೊದ್ದಿದ್ದರು. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

"ಇವ್ರು ಬೀಡಿ ಬುಟ್ಬುಟ್ಟವ್ರೆ ಸಾ. ಅದ್ಕೇ ಕರ್ಕಂಡು ಬಂದೆ," ಅಂದರು.

ಗಂಡ ಬಿಡುತ್ತಿಲ್ಲ ಎಂದು ಎಳೆದು ತರುವ ಹೆಂಗಸರನ್ನು ಕಂಡಿದ್ದೆ. ಬಿಟ್ಟಿದ್ದಾನೆ ಎಂದು ಕರೆತಂದವರು ಇವರೊಬ್ಬರೇ.

ರಂಗಸ್ವಾಮಿ ರೇಷ್ಮೆ ಸೀರೆ ನೇಯುವವರು. ಐವತ್ತು ದಾಟಿದ್ದರು. ಮೀಸೆ ಬರುವ ಮೊದಲೇ ಶುರುವಾದ ಬೀಡಿಯನ್ನು ಒಂದೇ ದಿನದಲ್ಲಿ ಬಿಟ್ಟಿದ್ದರು. ಜಯಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಮೈಸೂರಿನ ಡಾಕ್ಟರು ಹೇಳಿದ ದಿನ ಅದು. ಯಾರ ಸಹಾಯವೂ ಇಲ್ಲದೆ ಬಿಟ್ಟರು. ಅದಾಗಿ ಆರೇಳು ತಿಂಗಳು ಕಳೆದಿತ್ತು.

"ಈಗೇನು ತೊಂದರೆ?" ಅಂದೆ.

ಅವರು ನೆಲ ನೋಡುತ್ತಲೇ ಹೇಳಿದರು: "ಗ್ಯಾನ ನಿಲ್ತಿಲ್ಲ ಸಾ. ಮಗ್ಗದ ಮೇಲೆ ಕುಂತ್ಕತ್ತೀನಿ, ಲಾಳಿ ಕೈಲೇ ಇರ್ತದೆ. ಏನ್ ಮಾಡ್ತಿದ್ದೆ ಅನ್ನೋದೇ ಮರ್ತೋಯ್ತದೆ."

ಅಂಚಿನ ಹೂವು ತಪ್ಪಿಸಿ ನೇಯ್ದು, ನೇಯ್ದದ್ದನ್ನು ಬಿಚ್ಚಿ, ಮತ್ತೆ ತಪ್ಪಿಸಿದ್ದರು. ಕೊನೆಗೆ ನೂಲು ಕೊಟ್ಟು ನೇಯಿಸುವ ಮಾಲೀಕರು ಆ ಸೀರೆಯನ್ನು ಬೇರೆಯವರ ಕೈಗೆ ಕೊಟ್ಟರು. ಮನೆಯಲ್ಲಿ ಸಣ್ಣ ಮಾತಿಗೂ ರೇಗುತ್ತಿದ್ದರು. ಆಮೇಲೆ ರೇಗುವುದೂ ನಿಂತು, ಗೋಡೆ ನೋಡುತ್ತ ಕೂರತೊಡಗಿದರು.

ಔಷಧಿ ತರಲೆಂದು ಗಂಡನನ್ನು ಕೆಳಗೆ ಕಳಿಸಿ ಜಯಮ್ಮ ಕುರ್ಚಿ ಮುಂದಕ್ಕೆಳೆದುಕೊಂಡರು.

"ಒಂದೆರಡು ಸೇದ್ಲಿ ಅಂತ ನೀವೇ ಏಳ್ಬುಡಿ ಸಾ. ನಾನೇಳುದ್ರೆ ಕೇಳಲ್ಲ. ಮುಂಚೆ ಅವ್ರು ಮಗ್ಗದ ಮೇಲೆ ಕುಂತು ತಮಾಸೆ ಮಾಡುದ್ರೆ ಇಡೀ ಬೀದಿ ನಗ್ತಿತ್ತು. ನನ್ ದೆಸೆಯಿಂದ ಇಂಗಾಗೋದು ಬ್ಯಾಡ. ನಾನಂತೂ ಓಗೋಳು. ಓಗೋ ಮುಂಚೆ ಒಂದು ಸಲನಾದ್ರೂ ಅವ್ರು ನಗೋದ ನೋಡ್ಬೇಕು."

ಈ ಕೆಲಸದಲ್ಲಿ ಬಹಳ ಕೋರಿಕೆಗಳನ್ನು ಕೇಳಿದ್ದೇನೆ. ಇಷ್ಟು ಕಷ್ಟದ್ದನ್ನು ಕೇಳಿಲ್ಲ. "ಅದು ನನ್ನ ಕೈಲಾಗಲ್ಲಮ್ಮ. ಆದರೆ ಅವರು ಯಾಕೆ ಹೀಗಾಗಿದ್ದಾರೆ ಅಂತ ನೋಡ್ತೀವಿ," ಅಂದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಬೀಡಿಯ ನಿಕೋಟಿನ್‌ಗೆ ಒಗ್ಗಿದ ಮಿದುಳು ಅದು ಸಿಗದಾದಾಗ ಚಡಪಡಿಸುತ್ತದೆ. ಸಿಟ್ಟು, ಬೇಸರ, ಗಮನ ನಿಲ್ಲದಿರುವುದು ಎಲ್ಲ ಇದರ ಲಕ್ಷಣ. ನಾವು ಇದಕ್ಕೆ ವಿತ್‌ಡ್ರಾವಲ್ ಅನ್ನುತ್ತೇವೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಹಾಗೆ ಎಳೆದಾಗ ಅದರ ಹಿಂದೆ ಖಿನ್ನತೆಯೂ ಇದೆಯೇ ಎಂದು ನೋಡಲೇಬೇಕು. ನಮ್ಮ ಮನೋವೈದ್ಯರು ನೋಡಿದರು, ಖಿನ್ನತೆ ಇತ್ತು. ಮಾತ್ರೆ ಶುರುಮಾಡಿದರು. ನಾನು ವಾರವಾರ ಬರಹೇಳಿದೆ. ಸ್ವಲ್ಪ ಹೊತ್ತು ನೇಯ್ದು ಎದ್ದು ಓಡಾಡಿ, ಅಂಚಿನ ಕೆಲಸವಿಲ್ಲದ ಸಾದಾ ಸೀರೆ ಕೇಳಿ ತೆಗೆದುಕೊಳ್ಳಿ ಎಂದೆ.

ಮೂರನೆಯ ಸಲವೋ ನಾಲ್ಕನೆಯ ಸಲವೋ ರಂಗಸ್ವಾಮಿ ಒಬ್ಬರೇ ಬಂದರು. ಬಾಗಿಲು ತಾವೇ ಮುಂದಕ್ಕೆ ಮಾಡಿದರು.

"ನನ್ ಹೊಗೆಯಿಂದ್ಲೇ ಅವಳಿಗೆ ಬಂತಾ ಸಾ? ಒಂದೇ ಕೋಣೆ ಮನೆ. ಮಗ್ಗವೂ ಅಲ್ಲೇ, ಒಲೆಯೂ ಅಲ್ಲೇ."

ಇಲ್ಲ ಎಂದುಬಿಟ್ಟರೆ ಅದು ಸುಳ್ಳಾಗುತ್ತಿತ್ತು. "ಪಕ್ಕದವರ ಹೊಗೆಯಿಂದ ಅಪಾಯ ಹೆಚ್ಚುತ್ತೆ, ಅದು ನಿಜ. ಆದರೆ ಜಯಮ್ಮನಿಗೆ ಇದರಿಂದಲೇ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು," ಅಂದೆ.

ಅವರು ಬಹಳ ಹೊತ್ತು ಅತ್ತರು. ಬೀಡಿ ಬಿಟ್ಟಾಗಿನಿಂದ ಅತ್ತದ್ದು ಅದೇ ಮೊದಲಂತೆ. ಹೆಂಡತಿಯೆದುರು ಅಳಬಾರದೆಂದು ಗೋಡೆ ನೋಡುತ್ತಿದ್ದರು. ಆಕೆ ಅದನ್ನು ಬೀಡಿಯ ಮೇಲಿನ ಆಸೆ ಎಂದುಕೊಂಡಿದ್ದರು. "ಇದನ್ನ ಅವರ ಹತ್ತಿರವೇ ಹೇಳಿ," ಎಂದೆ. ಹೇಳಿದರು. ಜಯಮ್ಮ ಏನಂದರು ಎಂದು ನಾನು ಕೇಳಲಿಲ್ಲ. ಆದರೆ ಆಮೇಲೆ ಇಬ್ಬರೂ ಬಂದಾಗ ಪಕ್ಕಪಕ್ಕ ಕೂರುತ್ತಿದ್ದರು, ಆಕೆಯ ಸೆರಗು ಜಾರಿದರೆ ಇವರು ಎತ್ತಿ ಹೊದಿಸುತ್ತಿದ್ದರು.

ಗಂಡನಿಗೆ ಕೊಟ್ಟ ಮಾತ್ರೆ ಕೆಲಸ ಮಾಡುವ ಮೊದಲೇ ಜಯಮ್ಮ ತೀರಿಕೊಂಡರು. ಸತ್ತೇಗಾಲಕ್ಕೆ ಕೊಟ್ಟಿದ್ದ ಮಗಳು ಫೋನು ಮಾಡಿ ತಿಳಿಸಿದಳು. ಜಯಮ್ಮ ಕೇಳಿದ್ದ ಆ ನಗುವನ್ನು ನಮ್ಮ ಯಾರ ಕೈಲೂ ಕೊಡಲಾಗಲಿಲ್ಲ.

ತಿಥಿ ಮುಗಿದ ಮೇಲೆ ರಂಗಸ್ವಾಮಿ ಬಂದರು. "ಸೇದ್ಬುಟ್ಟೆ ಸಾ," ಅಂದರು. ಮಣ್ಣು ಮಾಡಿ ಬಂದಾಗ ಲೊಕ್ಕನಹಳ್ಳಿಯ ನೆಂಟನೊಬ್ಬ ಒಂದು ಕೊಟ್ಟನಂತೆ.

"ಏನನ್ನಿಸ್ತು?"

"ಮುಂಚೆ ಇದ್ನಲ್ಲ ನಾನು, ಅವನು ಸಿಕ್ಕಾನು ಅಂದ್ಕಂಡೆ. ಕೆಮ್ಮು ಬಂತು, ಅಷ್ಟೇ. ಅದರೊಳ್ಗೆ ಏನೂ ಇರ್ಲಿಲ್ಲ." ಆಮೇಲೆ, "ಈಗ ಯಾರ್ಗೋಸ್ಕರ ಬುಟ್ಟಿರ್ಲಿ ಸಾ?" ಅಂದರು.

ಪುಸ್ತಕದಲ್ಲಿ ಇದಕ್ಕೆ ಉತ್ತರಗಳಿವೆ: ನಿಮಗೋಸ್ಕರ, ಮಗಳಿಗೋಸ್ಕರ. ಅವನ್ನು ಪಕ್ಕಕ್ಕಿಟ್ಟು, "ಮುಂದಿನ ವಾರ ಬನ್ನಿ," ಅಂದೆ. ಬಂದರು. ಅದರ ಮುಂದಿನ ವಾರವೂ ಬಂದರು. ಮತ್ತೆ ಬೀಡಿ ಮುಟ್ಟಲಿಲ್ಲ.

ನಾನು ನಿವೃತ್ತನಾಗುವ ಮುಂಚೆ ಕೊನೆಯ ಸಲ ಬಂದಾಗ ಮುಖ ತಿಳಿಯಾಗಿತ್ತು. ಅಂಚಿನ ಸೀರೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ಹೂವು ತಪ್ಪುತ್ತಿಲ್ಲ ಎಂದರು. ನನಗೆ ಸಂತೋಷವಾಯಿತು, ಹಾಗೆಂದು ಹೇಳಿದೆ.

"ಹೂಂ ಸಾ, ಗ್ಯಾನ ನಿಲ್ತದೆ," ಅಂದರು. "ಮುಂಚೆ ಎಲ್ಲಾ ಮಬ್ಬು ಮಬ್ಬು. ಈಗ ಅವಳಿಲ್ಲ ಅನ್ನೋದು ಚೆನ್ನಾಗಿ ಗೊತ್ತಾಯ್ತದೆ."

ತಂಬಾಕು ಬಿಟ್ಟವರ ಮನಸ್ಸು ತಿಳಿಯಾಗುತ್ತದೆ ಎಂದು ನಾವು ಭರವಸೆ ಕೊಡುತ್ತೇವೆ. ಅದು ಸುಳ್ಳಲ್ಲ. ಆದರೆ ತಿಳಿಯಾದ ಮನಸ್ಸಿಗೆ ಮೊದಲು ಕಾಣುವುದು ಏನೆಂದು ನಮಗೆ ಗೊತ್ತಿರುವುದಿಲ್ಲ. ಅದು ಕಾಣುವ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ನನ್ನ ಕೆಲಸ ಅದೇ ಆಗಿತ್ತು ಎಂದು ನನಗೆ ತಿಳಿದದ್ದು ರಂಗಸ್ವಾಮಿಯವರಿಂದ.