ಖಾದರ್ ಸಾಬರ ರಿಂಗು

ಖಾದರ್ ಸಾಬರ ಕೈಗೆ ಏನು ಕೊಟ್ಟರೂ ಅವರು ಮೊದಲು ಅದನ್ನು ತೂಗುತ್ತಿದ್ದರು. ಈರುಳ್ಳಿಯಾಗಲಿ, ಟೀ ಲೋಟವಾಗಲಿ, ಅಂಗೈಯಲ್ಲಿಟ್ಟು ಎರಡು ಸಲ ಮೆಲ್ಲಗೆ ಆಡಿಸಿ, ಕಣ್ಣು ಕಿರಿದು ಮಾಡಿ, ಇಷ್ಟು ಗ್ರಾಂ ಎನ್ನುವರು. ನಂಬದವರು ತಕ್ಕಡಿಗೆ ಹಾಕಿ ನೋಡಿ ಸುಮ್ಮನಾಗುತ್ತಿದ್ದರು. ಅವರ ಅಪ್ಪ ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ತೂಗುತ್ತಿದ್ದವರು. ಮಗ ಲೇತ್ ಮುಂದೆ ನಿಂತು ಲೋಹ ಕಡೆಯುವ ಟರ್ನರ್ ಆದರೂ ಕೈ ಮಾತ್ರ ಮಂಡಿಯದೇ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಊಟದ ಡಬ್ಬಿಯನ್ನು ಎತ್ತಿ ನೋಡಿ, "ಡಬ್ಬಿ ಭಾರ ಜಾಸ್ತಿ, ಅನ್ನ ಕಮ್ಮಿ. ಹಿಂಗಾದ್ರೆ ಹೆಂಗಮ್ಮಾ?" ಎಂದಿದ್ದರು.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಯಶವಂತಪುರ ರೈಲು ನಿಲ್ದಾಣದ ಹಿಂದೆ, ಗೂಡ್ಸ್ ಶೆಡ್ಡಿನ ಧೂಳು ಸದಾ ಬಂದು ಬೀಳುವ ಕಡೆ, ಇಪ್ಪತ್ತು ಜನರ ಒಂದು ವರ್ಕ್‌ಶಾಪು. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಡಿಪ್ಲೊಮಾ ಮುಗಿಸಿದ ಹುಡುಗಿ, ತಯಾರಾದ ಭಾಗಗಳ ಅಳತೆ ನೋಡುವ ಇನ್‌ಸ್ಪೆಕ್ಷನ್ ಕೆಲಸ. ಪಂಪಿನ ಭಾಗಗಳನ್ನೇ ಮಾಡಿಕೊಂಡಿದ್ದ ನಮ್ಮ ಶಾಪಿಗೆ ಒಂದು ದಿನ ರಾಕೆಟ್ ಕಟ್ಟುವವರಿಂದ ಕೆಲಸ ಬಂತು. ಕೊನೆಯ ಹಂತದ ಮೇಲ್ತುದಿಗೆ ಕೂರುವ, ಉಪಗ್ರಹವನ್ನು ಹೊತ್ತುಕೊಳ್ಳುವ ಅಲ್ಯುಮಿನಿಯಂ ರಿಂಗು. ಓನರು ಅದನ್ನು ಖಾದರ್ ಸಾಬರಿಗೆ ಕೊಟ್ಟರು. ಬೇರೆಯವರಿಗೆ ಕೊಡುವಷ್ಟು ದಡ್ಡರಲ್ಲ ಅವರು.

ನಕ್ಷೆ ವಿವರಿಸಲು ಬಂದಿದ್ದ ಎಂಜಿನಿಯರನ್ನು ಸಾಬರು ಬಿಡದೆ ಕಾಡಿದರು. ಆತ ಹೋದಮೇಲೆ ಟೀ ಹೊತ್ತಿನಲ್ಲಿ ನನಗೆ ಪಾಠ ಶುರುವಾಯಿತು.

"ನೋಡಮ್ಮಾ, ಕೆಳಗಿನ ಹಂತ ಇದ್ಯಲ್ಲ, ಅದು ಹಮಾಲಿ. ನೆಲದಿಂದ ಎತ್ತಿ, ಗಾಳಿ ದಾಟ್ಸಿ, ಸಮುದ್ರಕ್ಕೆ ಬಿದ್ದೋಗುತ್ತೆ. ಅದರಲ್ಲಿ ಒಂದು ಕೇಜಿ ಜಾಸ್ತಿ ಇದ್ರೆ ಉಪಗ್ರಹಕ್ಕೆ ಒಂದು ಚೂರು ನಷ್ಟ. ಆದ್ರೆ ಕೊನೇ ಹಂತ ಉಪಗ್ರಹದ ಜೊತೇಲೇ ಕೊನೇವರೆಗೂ ಓಡ್ಬೇಕು. ಅದರಲ್ಲಿ ನಾನು ಒಂದು ಗ್ರಾಂ ಜಾಸ್ತಿ ಬಿಟ್ರೆ ಉಪಗ್ರಹದಲ್ಲಿ ಪೂರ್ತಿ ಒಂದು ಗ್ರಾಂ ಕಿತ್ಕೊಂಡಂಗೆ."

"ಅಷ್ಟು ಮೇಲೆ ಹೋದಮೇಲೆ ಇನ್ನೇನು ಓಡೋದು ಸಾಬರೇ?"

"ಮೇಲೆ ಹೋಗೋದು ಅರ್ಧ ಕೆಲಸ. ಅಡ್ಡಕ್ಕೆ ಓಡ್ಬೇಕು, ಬೀಳೋಕೆ ಜಾಗ ಸಿಗದಷ್ಟು ಜೋರಾಗಿ. ಆ ಓಟ ಕೊಡೋದು ಕೊನೇದು. ಸ್ವಲ್ಪ ಮುಂಚೆ ಆರಿದ್ರೆ ಎಲ್ಲಾ ವಾಪಸ್ ಬಂತು."

ಅವರಿಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಕೆಳಗಿನ ಹಂತ ಕಳಚಿ ಬಿದ್ದ ಮೇಲೆ ಕೊನೆಯದು ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಸದ್ದಿಲ್ಲದೆ, ಬೆಂಕಿಯಿಲ್ಲದೆ, ಬಂದ ವೇಗದಲ್ಲೇ ತೇಲಿಕೊಂಡು ತುತ್ತತುದಿ ಮುಟ್ಟುವವರೆಗೆ ಕಾಯುತ್ತದೆ. "ಉರಿಯೋದು ಯಾರಾದ್ರೂ ಉರೀತಾರೆ," ಎನ್ನುತ್ತಿದ್ದರು. "ಸರಿಯಾದ ಹೊತ್ತಿಗೆ ಹೊತ್ಕೋಬೇಕು. ಅದೇ ಕಷ್ಟ." ಆ ಮಾತಿಗೆ ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಾನು ಯಾವಾಗಲೂ ಮುಂದು.

ರಿಂಗಿನ ಗೋಡೆ ಎಷ್ಟು ದಪ್ಪ ಇರಬಹುದು, ಎಷ್ಟು ತೆಳುವಾಗಬಹುದು ಎಂದು ನಕ್ಷೆಯಲ್ಲಿ ಎರಡು ಅಳತೆ ಕೊಟ್ಟಿರುತ್ತಾರೆ. ಎಲ್ಲರೂ ಜೀವ ಉಳಿಸಿಕೊಳ್ಳಲು ದಪ್ಪದ ಕಡೆಗೇ ನಿಲ್ಲಿಸುತ್ತಾರೆ. ಸಾಬರು ತೆಳುವಿನ ಕಡೆಯ ಗೆರೆಗೆ ಕೂದಲೆಳೆಯಷ್ಟು ಒಳಗೆ ನಿಲ್ಲಿಸಿದರು. ಮೂರು ವಾರ ಹಿಡಿಯಿತು. ನಾನು ಸುತ್ತಲೂ ಅಳೆದು, ಎಲ್ಲವೂ ನಕ್ಷೆಯಂತಿದೆ ಎಂದು ಶೀಟಿನಲ್ಲಿ ಬರೆದೆ. ಅವರು ರಿಂಗನ್ನು ಎರಡು ಕೈಯಲ್ಲಿ ಎತ್ತಿ ಆಡಿಸಿ, "ನಲವತ್ತು ಗ್ರಾಂ ಉಳಿಸಿದೀನಿ. ಅಲ್ಲಿ ಯಾರಾದ್ರೂ ಅದಕ್ಕೆ ಒಂದು ಸಣ್ಣ ಮಿಷಿನ್ ಇಟ್ಕೋತಾರೆ," ಎಂದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಮರುದಿನ ಆಯುಧಪೂಜೆ. ಪ್ರತಿ ವರ್ಷ ಮಂಡಿಯಿಂದ ಬೂದುಗುಂಬಳಕಾಯಿ ಆರಿಸಿ ತರುತ್ತಿದ್ದವರು ಸಾಬರೇ. ತಮ್ಮ ಲೇತ್ ತೊಳೆದು, ಹೂ ಮುಡಿಸಿ, ಪ್ರಸಾದಕ್ಕೆ ಎಲ್ಲರಿಗಿಂತ ಮುಂದೆ ಕೈಚಾಚುತ್ತಿದ್ದರು. ಆ ವರ್ಷ ಓನರ ತಾಯಿ, ರಾಕೆಟ್ಟಿನ ಸಾಮಾನು, ದೃಷ್ಟಿಯಾಗುತ್ತದೆ ಎಂದು ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪನ್ನು ಬಟ್ಟಲಲ್ಲಿ ತಂದು ರಿಂಗಿನ ಸುತ್ತ ಬೊಟ್ಟಿಡಲು ಹೋದರು.

ಸಾಬರು ನನ್ನ ಪಕ್ಕದಲ್ಲಿ ನಿಂತಿದ್ದರು. "ಅಮ್ಮಾರೇ, ಅದಕ್ಕೊಂದು ಬೇಡ," ಎಂದರು. "ಅದರಲ್ಲಿ ಸುಣ್ಣ ಐತೆ, ಅಲ್ಯುಮಿನಿಯಂ ತಿಂದಾಕುತ್ತೆ."

ಗಂಟೆಯ ಸದ್ದಿನಲ್ಲಿ ಎರಡನೆಯ ಮಾತು ಯಾರಿಗೂ ಕೇಳಲಿಲ್ಲ. ಮೊದಲನೆಯದು ಎಲ್ಲರಿಗೂ ಕೇಳಿತು. ಓನರು ತಿರುಗಿ, "ಇದೆಲ್ಲ ನಿಮಗೆ ಗೊತ್ತಾಗಲ್ಲ, ಸುಮ್ನಿರಿ ಸಾಬ್ರೇ," ಎಂದರು. ಸಾಬರು ಒಂದು ಹೆಜ್ಜೆ ಹಿಂದೆ ಸರಿದರು. ಬೊಟ್ಟು ಬಿತ್ತು, ಒಂದಲ್ಲ, ಹದಿನಾರು. ಶಾಪಿಗೆ ಬೀಗ ಹಾಕಿ ಹಬ್ಬ, ಭಾನುವಾರ ಎಂದು ಮೂರು ದಿನ ರಜೆ ಕೊಟ್ಟರು.

ಬಾಗಿಲು ತೆಗೆದಾಗ ಸಾಬರು ಒದ್ದೆ ಬಟ್ಟೆಯಿಂದ ಬೊಟ್ಟುಗಳನ್ನು ಒರೆಸಿದರು. ಪ್ರತಿಯೊಂದರ ಕೆಳಗೂ ಬೂದು ಬಣ್ಣದ ಕಲೆ, ಮುಟ್ಟಿದರೆ ತರಿತರಿ. ತೆಳುವಿನ ಗೆರೆಗೆ ಅಂಟಿಕೊಂಡಿದ್ದ ಗೋಡೆ ಅಷ್ಟಕ್ಕೇ ಗೆರೆ ದಾಟಿತ್ತು. ರಿಂಗು ಕೆಟ್ಟಿತ್ತು.

ತಾಯಿ ಹಚ್ಚಿದ ಬೊಟ್ಟಿನಿಂದ ಕೆಟ್ಟಿತು ಎಂದು ಯಾವ ಓನರು ಬರೆದುಕೊಡುತ್ತಾನೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನನ್ನು ಒಳಗೆ ಕರೆದು, "ಹಳೇ ಶೀಟ್ ಬಿಟ್ಬಿಡಿ. ಈಗ ಎಷ್ಟಿದ್ಯೋ ಅಳೆದು ಹೊಸದಾಗಿ ಬರೀರಿ. ಕಾರಣ, ಟರ್ನಿಂಗ್‌ನಲ್ಲಿ ಜಾಸ್ತಿ ತೆಗ್ದಿದ್ದಾರೆ ಅಂತ," ಎಂದರು. ಹೊರಗೆ ಆಗಲೇ ಪಿಸುಮಾತು ಎದ್ದಿತ್ತು. ಪೂಜೆ ಬೇಡ ಅಂದವನು ಅವನೇ ತಾನೇ, ಅವನ ಕಣ್ಣೇ ಬಿದ್ದಿದೆ ಎಂದು. ಹತ್ತು ವರ್ಷ ಅವರು ತಂದ ಕುಂಬಳಕಾಯಿ ಒಡೆದವರ ಬಾಯಲ್ಲೇ ಈ ಮಾತು.

ನಾನು ಅಳೆದೆ, ಬರೆದೆ, ಸಹಿ ಮಾಡಿದೆ. ಅಂಕಿ ಒಂದೂ ಸುಳ್ಳಲ್ಲ, ಕಾರಣ ಮಾತ್ರ ಸುಳ್ಳು. ನನ್ನ ಕೆಲಸ ಖಾಯಂ ಆಗಿ ಒಂದು ತಿಂಗಳೂ ಆಗಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಮೌನ ಬಂಗಾರ ಅನ್ನುತ್ತಾರಲ್ಲ, ನನ್ನದಕ್ಕೆ ಒಂದು ಇಂಕ್ರಿಮೆಂಟು ಸಿಕ್ಕಿತು. ಸಾಬರು ಆ ಶೀಟನ್ನು ಓದಿದರು. ಕೆಳಗಿನ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು. ತಮ್ಮ ಮೈಕ್ರೋಮೀಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು. ರಾಕೆಟ್ ಕೆಲಸ ಕೆಡಿಸಿದವನು ಎಂಬ ಹೆಸರು ಅವರಿಗಿಂತ ಮುಂದೆ ಹೋಗಿ ಎಲ್ಲ ಶಾಪುಗಳ ಬಾಗಿಲಲ್ಲೂ ನಿಂತಿತ್ತು. ಯಾರೂ ಅವರನ್ನು ಮತ್ತೆ ಲೇತ್ ಮುಂದೆ ನಿಲ್ಲಿಸಲಿಲ್ಲ.

ಐದಾರು ವರ್ಷದ ಮೇಲೆ ಅವರು ಮಂಡಿಯಲ್ಲಿದ್ದಾರೆಂದು ತಿಳಿದು, ಕಾಲು ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಹೋದೆ. ಅವರ ಅಪ್ಪ ಕೂರುತ್ತಿದ್ದ ಕಡೆಯೇ, ಈರುಳ್ಳಿ ಚೀಲಗಳ ನಡುವೆ, ದೊಡ್ಡ ತಕ್ಕಡಿಯ ಪಕ್ಕ ಕೂತಿದ್ದರು. ಗಡ್ಡ ನರೆತಿತ್ತು. "ಬನ್ನಿ ಅಮ್ಮಾ," ಎಂದು ಗೋಣಿಚೀಲ ಹಾಸಿದರು. ಸ್ವೀಟಿನ ಡಬ್ಬಿಯನ್ನು ಅಂಗೈಯಲ್ಲಿಟ್ಟು ಎರಡು ಸಲ ಆಡಿಸಿದರು.

"ಡಬ್ಬಿ ಸೇರಿಸಿ ತೂಗವ್ರೆ. ಮೋಸ."

ನಾನು ನಗಲು ನೋಡಿದೆ, ಆಗಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೇಗೋ ಹೊರಬಿತ್ತು. "ಸಾಬರೇ, ಅವತ್ತು ನೀವು ಸುಣ್ಣ ಅಂದಿದ್ದು ನನಗೆ ಕೇಳಿಸಿತ್ತು."

"ಗೊತ್ತಮ್ಮಾ," ಎಂದರು, ಡಬ್ಬಿಯನ್ನು ನನ್ನ ಕೈಗೇ ವಾಪಸು ಇಡುತ್ತಾ. "ನಿಮಗೆ ಕೇಳ್ಲಿ ಅಂತಾನೇ ನಿಮ್ಮ ಪಕ್ಕ ನಿಂತ್ಕೊಂಡು ಹೇಳಿದ್ದು."

ಆಮೇಲೆ ಒಂದು ಚೀಲ ಬಂತು. ಅವರು ಎದ್ದು ತಕ್ಕಡಿಗೆ ಕಲ್ಲು ಹಾಕಿದರು.